ಕಾಮತ್, ಎಂ. ವಿ. (1921–2014)

ಮುಂಬಯಿಯ ಇಂಗ್ಲಿಷ್ ಪತ್ರಿಕೋದ್ಯಮದಲ್ಲಿ ಹೆಸರು ಮಾಡಿದ ಕನ್ನಡ ನಾಡಿನ ಪತ್ರಕರ್ತ. ಪೂರ್ಣ ಹೆಸರು ಮಾಧವ ವಿಠ್ಠಲ ಕಾಮತ್. ಹುಟ್ಟೂರು ಉಡುಪಿ. ವಿಜ್ಞಾನ ಪದವೀಧರರಾಗಿ ಕೆಲವು ವರ್ಷ ರಸಾಯನತಜ್ಞರಾಗಿ ದುಡಿದು, 1946ರಲ್ಲಿ ಎಸ್. ಸದಾನಂದರ ‘ಫ್ರೀ ಪ್ರೆಸ್ ಜರ್ನಲ್’ ಸೇರಿ ವರದಿಗಾರರಾದರು. ಸಂಬಳ ಕಡಿಮೆ, ದುಡಿಮೆ ಹೆಚ್ಚು ಎನ್ನುವಂತಿದ್ದ ಆ ಪತ್ರಿಕೆ ಒಂದು ತಲೆಮಾರಿನ ಪತ್ರಕರ್ತರಿಗೆ ಗರಡಿಮನೆಯಾಗಿತ್ತು; ಆರ್. ಕೆ. ಲಕ್ಷ್ಮಣ್, ಬಾಳ ಠಾಕ್ರೆ ವ್ಯಂಗ್ಯಚಿತ್ರ ಬರೆದದ್ದೂ ಅಲ್ಲೇ. ಗಾಂಧಿ ಹತ್ಯೆಯ ವಿಚಾರಣೆಯನ್ನು ಕಾಮತರು ವರದಿ ಮಾಡಿದರು. ಮುಂದೆ ವಿಶ್ವಸಂಸ್ಥೆಯಲ್ಲಿ ಪಿಟಿಐ ಪ್ರತಿನಿಧಿಯಾಗಿ, ವಾಷಿಂಗ್ಟನ್‌ನಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ದ ಬಾತ್ಮೀದಾರರಾಗಿ ಕೆಲಸ ಮಾಡಿದರು. 1978ರಲ್ಲಿ ‘ಇಲ್ಲಸ್ಟ್ರೇಟೆಡ್ ವೀಕ್ಲಿ’ಯ ಸಂಪಾದಕತ್ವ ವಹಿಸಿಕೊಂಡರು. ಖುಷವಂತ್ ಸಿಂಗ್ ಬಿಟ್ಟುಹೋದ ಕುರ್ಚಿ ಅದು, ಹೋಲಿಕೆ ತಪ್ಪಿದ್ದಲ್ಲ. ಪ್ರಸಾರ ಭಾರತಿಯ ಅಧ್ಯಕ್ಷರೂ ಆಗಿದ್ದರು. 2004ರಲ್ಲಿ ಪದ್ಮಭೂಷಣ ಬಂತು. ಅಂಕಣ, ಜೀವನಚರಿತ್ರೆ, ಪತ್ರಿಕೋದ್ಯಮದ ಪಠ್ಯ ಎಂದು ಬರೆದದ್ದು ಅಪಾರ, ಬಹುಪಾಲು ಇಂಗ್ಲಿಷಿನಲ್ಲಿ. ನರೇಂದ್ರ ಮೋದಿಯವರ ಜೀವನಚರಿತ್ರೆಯ ಸಹಲೇಖಕರೂ ಹೌದು. ಅದರಲ್ಲಿ ವಿಮರ್ಶೆಗಿಂತ ಮೆಚ್ಚುಗೆಯೇ ಮುಂದು. ಕೊನೆಗಾಲದಲ್ಲಿ ಮಣಿಪಾಲದಲ್ಲಿ ನೆಲೆಸಿ, ಅಲ್ಲಿನ ಸಂವಹನ ಶಾಲೆಯ ಗೌರವ ನಿರ್ದೇಶಕರಾಗಿದ್ದರು. 2014ರ ಅಕ್ಟೋಬರ್ 9ರಂದು ಅಲ್ಲಿಯೇ ನಿಧನರಾದರು.