ನೀರುಗಂಟಿ ಇಲ್ಲದ ಚಾನಲ್

ಮಂಡ್ಯದ ಕಡೆಯ ನಾವು ನಾಲೆಗೆ ಚಾನಲ್ ಅಂತಲೇ ಅನ್ನೋದು. ಹಾಗಾಗಿ 90ರ ದಶಕದಲ್ಲಿ ಸಿಂಗಪುರಕ್ಕೆ ಬಂದು ಕಂಪ್ಯೂಟರ್ ರಿಪೇರಿ ಕೆಲಸಕ್ಕೆ ಸೇರಿದಾಗ ‘ಡಿಎಂಎ ಚಾನಲ್’ ಅನ್ನೋ ಮಾತು ನನಗೆ ಹೊಸದು ಅನ್ನಿಸಲಿಲ್ಲ. ಅರ್ಥವೂ ಹೆಚ್ಚುಕಡಿಮೆ ಅದೇ: ಪ್ರೊಸೆಸರ್ ಒಂದೊಂದೇ ಬೈಟ್ ಹೊತ್ತು ಹಾಕದೆ, ಕಾರ್ಡಿಗೂ ಮೆಮರಿಗೂ ನಡುವೆ ಮಾಹಿತಿ ನೇರ ಹರಿಯುವ ದಾರಿ.

ಈ ದಾರಿಗಳು ಮೊದಲಿಂದಲೂ ಕಮ್ಮಿ. 1981ರ ಐಬಿಎಂ ಪಿಸಿಯಲ್ಲಿ ಇದ್ದದ್ದು ಇಂಟೆಲ್ 8237 ಎಂಬ ಒಂದು ಚಿಪ್, ಅದಕ್ಕೆ ನಾಲ್ಕು ಚಾನಲ್. ಸೊನ್ನೆಯನ್ನು ಮೆಮರಿಯ ರಿಫ್ರೆಶ್‌ಗೆ ಇಟ್ಟುಕೊಂಡರು, ಎರಡು ಫ್ಲಾಪಿಗೆ ಹೋಯಿತು. 1983ರ ಎಕ್ಸ್‌ಟಿಯಲ್ಲಿ ಮೂರನ್ನು ಹಾರ್ಡ್ ಡಿಸ್ಕ್ ಹಿಡಿಯಿತು. ಉಳಿದದ್ದು ಒಂದನೇ ನಂಬರು ಮಾತ್ರ. ಸಾಲದ್ದಕ್ಕೆ ಆ ಚಿಪ್ಪಿಗೆ ಎಣಿಸಲು ಬರುತ್ತಿದ್ದದ್ದು 16 ಬಿಟ್ ವಿಳಾಸ, ಪಿಸಿಯದ್ದು 20 ಬಿಟ್. ಮೇಲಿನ ನಾಲ್ಕು ಬಿಟ್‌ಗೆ ಪಕ್ಕದಲ್ಲಿ ಬೇರೆ ರಿಜಿಸ್ಟರ್ ಕೂರಿಸಿದರು. 64 ಕೆಬಿ ಗಡಿ ಬಂದಾಗ ಅದು ಅಲ್ಲಾಡುವುದಿಲ್ಲ. ಎಣಿಕೆ ಮಾತ್ರ ಸೊನ್ನೆಗೆ ಮರಳಿ, ಮುಂದಿನ ಮಾಹಿತಿ ಅದೇ ತುಂಡಿನ ಶುರುವಿಗೆ ಹೋಗಿ ಬೀಳುತ್ತದೆ. ಅಲ್ಲಿ ಬೇರೆ ಯಾರದೋ ಡೇಟಾ ಇದ್ದರೆ ಅದರ ಕಥೆ ಮುಗೀತು. ಡ್ರೈವರ್ ಬರೆಯುವವರು ಬಫರ್ ಗಡಿ ದಾಟದಂತೆ ತಾವೇ ಕಾಯಬೇಕಿತ್ತು.

1984ರ ಎಟಿಯಲ್ಲಿ ಎರಡನೇ 8237 ಬಂತು. ನಾಲ್ಕೂ ನಾಲ್ಕೂ ಎಂಟಾಗಲಿಲ್ಲ, ಏಳಾಯಿತು. ಎರಡು ಚಿಪ್ಪನ್ನು ಜೋಡಿಸೋದಕ್ಕೇ ನಾಲ್ಕನೇ ಚಾನಲ್ ಖರ್ಚು!

ಇಷ್ಟನ್ನು ಹಂಚುವವರು ಯಾರು? ನಮ್ಮೂರಲ್ಲಿ ಯಾರ ಗದ್ದೆಗೆ ಯಾವಾಗ ನೀರು ಅಂತ ನೀರುಗಂಟಿ ನೋಡಿಕೊಳ್ತಿದ್ದ. ಡಾಸ್‌ನಲ್ಲಿ ಅಂಥವರು ಇರಲಿಲ್ಲ. ಕಾರ್ಡಿನ ಜಂಪರ್ ಎಲ್ಲಿದೆಯೋ ಅದೇ ಚಾನಲ್, ಡ್ರೈವರಿಗೂ ಅದೇ ನಂಬರ್ ಕೊಡಬೇಕು. ಒಂದನೇದು ಮೊದಲಿಂದ ಖಾಲಿ ಇದ್ದದ್ದರಿಂದ ಅದರ ಮೇಲೆ ಅನೇಕರ ಕಣ್ಣು. ಈ ಊರಿನದೇ ಕ್ರಿಯೇಟಿವ್ ಕಂಪನಿ 1989ರಲ್ಲಿ ತಂದ ಸೌಂಡ್ ಬ್ಲಾಸ್ಟರ್ ಕೂಡ ಅದನ್ನೇ ಬಳಸುತ್ತಿತ್ತು.

ಒಬ್ಬ ವಿದ್ಯಾರ್ಥಿ ಪಿಸಿ ತಂದ. ಸ್ಕ್ಯಾನರ್ ಓಡಿಸುವಾಗ ಹಾಡು ಹಾಕಿದರೆ ಮಷೀನು ನಿಂತುಬಿಡುತ್ತೆ ಅಂದ. ನಾನು ಗತ್ತಿನಿಂದ, “ಸೌಂಡ್ ಕಾರ್ಡ್ ಹೋಗಿದೆ, ಹೊಸದು ಹಾಕಿಸು” ಅಂದೆ. ಪಾಪ, ದುಡ್ಡು ಹೊಂದಿಸಿ ತಂದ. ಮತ್ತೆ ಅದೇ ಗೋಳು. ನಮ್ಮ ಹಿರಿಯ ಮೆಕ್ಯಾನಿಕ್ ಅಂಕಲ್ ಮುಚ್ಚಳ ತೆಗೆದು, ಸ್ಕ್ಯಾನರ್ ಕಾರ್ಡಿನ ಜಂಪರನ್ನು ಒಂದರಿಂದ ಮೂರಕ್ಕೆ ಸರಿಸಿ, ಡ್ರೈವರ್ ಸಾಲಿನಲ್ಲಿ ಒಂದಂಕಿ ತಿದ್ದಿದರು. ಅಷ್ಟೇ. “ಹಳೇ ಕಾರ್ಡ್ ಚೆನ್ನಾಗೇ ಇತ್ತಾ?” ಅಂತ ಹುಡುಗ ಕೇಳಿದ. ನಾನು ಸ್ಕ್ರೂ ಹುಡುಕುವವನ ಹಾಗೆ ಬಗ್ಗಿದೆ.

ಆಮೇಲೆ ಲಿನಕ್ಸ್ ಕಲಿತಾಗ ನೀರುಗಂಟಿ ಸಿಕ್ಕ. ಅಲ್ಲಿ ಡ್ರೈವರ್ ಮೊದಲು ಕರ್ನಲ್ಲಿಗೆ ಅರ್ಜಿ ಹಾಕಬೇಕು. ಚಾನಲ್ ಬೇರೆಯವರ ಹತ್ತಿರ ಇದ್ದರೆ ‘ಬಿಜಿ’ ಅಂತ ವಾಪಸ್ ಕಳಿಸುತ್ತೆ. ಪಿಸಿಐ ಬಂದ ಮೇಲೆ ಕಾರ್ಡುಗಳು ತಾವೇ ಬಸ್ ಹಿಡಿದು ಮೆಮರಿಗೆ ಬರೆಯತೊಡಗಿದವು, ಈ ಪರದಾಟ ತಪ್ಪಿತು. ಆದರೂ ಮನೆಯ ಲಿನಕ್ಸ್ ಪಿಸಿಯಲ್ಲಿ ಡಿಎಂಎ ಪಟ್ಟಿ ತೆರೆದರೆ ಇವತ್ತಿಗೂ ಒಂದೇ ಸಾಲು ಬರುತ್ತೆ: ‘4: ಕ್ಯಾಸ್ಕೇಡ್’. 1984ರಲ್ಲಿ ಜೋಡಣೆಗೆ ಹೋದ ಅದೇ ನಾಲ್ಕನೇ ಚಾನಲ್.