ಟಿಪ್ಪುವಿನ ಡೇರೆ ಮತ್ತು ವೇಲ್ಸ್‌ನ ಒಂದು ಕೋಟೆಮನೆ

ಇವತ್ತು ಒಂದು ಮನೆಯ ಕಥೆ. ನಾನು ಓದಿದ್ದು ಬಿ.ಕಾಂ, ಹಾಗಾಗಿ ದೊಡ್ಡ ಮನೆ ಕಂಡ ತಕ್ಷಣ ನನಗೆ ಬರೋದು ಒಂದೇ ಪ್ರಶ್ನೆ: ದುಡ್ಡು ಎಲ್ಲಿಂದ ಬಂತು?

ಬ್ರಿಟನ್‌ನ ವೇಲ್ಸ್‌ನಲ್ಲಿ ಪೊವಿಸ್ ಕ್ಯಾಸಲ್ ಅಂತ ಒಂದು ಕೋಟೆಮನೆ ಇದೆ. ಕೆಂಪು ಕಲ್ಲಿನ ಗೋಡೆ, ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ತೋಟ. ಮೂಲತಃ ವೇಲ್ಸ್ ರಾಜಮನೆತನದ ಕೋಟೆ. 1587ರಲ್ಲಿ ಸರ್ ಎಡ್ವರ್ಡ್ ಹರ್ಬರ್ಟ್ ಅದನ್ನು ಕೊಂಡ. ಸುಮಾರು 200 ವರ್ಷ ಆದ ಮೇಲೆ ಹರ್ಬರ್ಟ್ ಮನೆತನಕ್ಕೆ ಹೆಸರಿತ್ತು, ಮನೆ ರಿಪೇರಿಗೆ ಕಾಸಿರಲಿಲ್ಲ.

1784ರಲ್ಲಿ ಆ ಮನೆಯ ಮಗಳು ಹೆನ್ರಿಯೆಟ್ಟಾ ಮದುವೆಯಾದದ್ದು ಎಡ್ವರ್ಡ್ ಕ್ಲೈವ್‌ನನ್ನು. ಪ್ಲಾಸಿ ಯುದ್ಧದ ರಾಬರ್ಟ್ ಕ್ಲೈವ್ ಗೊತ್ತಲ್ವಾ? ಅವನ ಹಿರಿಮಗ.

ಈಗ ಕ್ಲೈವ್ ದುಡ್ಡಿನ ಮೂಲ ನೋಡಿ. ಪ್ಲಾಸಿ ಆದ ಮೇಲೆ ಹೊಸ ನವಾಬ ಮೀರ್ ಜಾಫರ್ ಕೊಟ್ಟದ್ದು 2,34,000 ಪೌಂಡ್. ಇದರ ಜೊತೆಗೆ ಒಂದು ಜಾಗೀರು, ವರ್ಷಕ್ಕೆ ಸುಮಾರು 27,000 ಪೌಂಡ್. ಏನದು? ಕಲ್ಕತ್ತಾ ಸುತ್ತಲಿನ ಜಮೀನಿಗೆ ಈಸ್ಟ್ ಇಂಡಿಯಾ ಕಂಪನಿ ನವಾಬನಿಗೆ ಕಂದಾಯ ಕಟ್ಟಬೇಕಿತ್ತು. ಆ ಕಂದಾಯವನ್ನೇ ನವಾಬ ಕ್ಲೈವ್ ಹೆಸರಿಗೆ ಬರೆದುಕೊಟ್ಟ. ಅಂದ್ರೆ ಕಂಪನಿಯೇ ತನ್ನ ನೌಕರನಿಗೆ ಕಂದಾಯ ಕಟ್ಟಬೇಕಾಯ್ತು! ಕಂಪನಿ ಕಟ್ಟಿದ್ರೂ, ಆ ದುಡ್ಡು ಹುಟ್ಟಿದ್ದು ಬಂಗಾಳದ ರೈತನ ಹೊಲದಲ್ಲಿ. ಕ್ಲೈವ್ ಆಸ್ತಿ ಮಗನಿಗೆ ಬಂತು. ಪೊವಿಸ್ ರಿಪೇರಿಗೆ ದಾರಿ ಆಯ್ತು.

ಇಲ್ಲಿಂದ ಕಥೆ ನಮ್ಮೂರಿಗೆ ಬರುತ್ತೆ. 1798ರಲ್ಲಿ ಎಡ್ವರ್ಡ್ ಕ್ಲೈವ್ ಮದ್ರಾಸಿನ ಗವರ್ನರ್ ಆದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ಅವನ ಸಿಂಹಾಸನವನ್ನು ಒಡೆದು ಹಂಚಿಕೊಂಡರು. ಮರುವರ್ಷ ಹೆನ್ರಿಯೆಟ್ಟಾ ತನ್ನ ಹೆಣ್ಣುಮಕ್ಕಳ ಜೊತೆ ಮದ್ರಾಸಿನಿಂದ ಹೊರಟು, ಬೆಂಗಳೂರು, ಶ್ರೀರಂಗಪಟ್ಟಣ ಎಲ್ಲಾ ನೋಡಿಕೊಂಡು ಹೋದಳು.

ಆ ಸಿಂಹಾಸನದ ಒಂದು ಚಿನ್ನದ ಹುಲಿ ತಲೆ ಇವತ್ತು ಪೊವಿಸ್‌ನಲ್ಲಿದೆ. ಟಿಪ್ಪುವಿನ ಡೇರೆಯೂ ಅಲ್ಲೇ. ಹೂಕುಂಡಗಳ ಚಿತ್ತಾರದ ಹತ್ತಿ ಬಟ್ಟೆ, ನಮ್ಮ ಅಜ್ಜಿಯರು ಚೀಟಿ ಬಟ್ಟೆ ಅಂತಿದ್ರಲ್ಲ, ಆ ಥರದ್ದು. ಅದನ್ನು ಅವರು ತೋಟದ ಪಾರ್ಟಿಗಳಿಗೆ ಶಾಮಿಯಾನದ ಹಾಗೆ ಕಟ್ಟುತ್ತಿದ್ದರು. ಒಂದು ರಾಜ್ಯ ಹೋಗಿ ಇನ್ನೊಂದು ಮನೆಯ ನೆರಳಾಯ್ತು.

1804ರಲ್ಲಿ ಎಡ್ವರ್ಡ್ ಅರ್ಲ್ ಆಫ್ ಪೊವಿಸ್ ಆದ. 1807ರಲ್ಲಿ ಅವನ ಮಗ ಕ್ಲೈವ್ ಅನ್ನೋ ಅಡ್ಡಹೆಸರು ಬಿಟ್ಟು ಹರ್ಬರ್ಟ್ ಅಂತ ಇಟ್ಟುಕೊಂಡ. ಸೋದರಮಾವನ ಆಸ್ತಿ ಜೊತೆ ಬಂದ ಹೆಸರು ಅದು. ದುಡ್ಡು ಕ್ಲೈವ್‌ದು, ಬೋರ್ಡು ಹರ್ಬರ್ಟ್‌ದು.

ಆ ವಂಶಕ್ಕೂ ನೋವು ತಪ್ಪಲಿಲ್ಲ. ನಾಲ್ಕನೇ ಅರ್ಲ್‌ನ ಇಬ್ಬರು ಗಂಡುಮಕ್ಕಳೂ ಎರಡು ಮಹಾಯುದ್ಧಗಳ ಕಾಲದಲ್ಲಿ, 1916 ಮತ್ತು 1943ರಲ್ಲಿ, ತೀರಿಕೊಂಡರು. 1952ರಲ್ಲಿ ಅವನೂ ತೀರಿಕೊಂಡಾಗ ಮನೆ ನ್ಯಾಷನಲ್ ಟ್ರಸ್ಟ್‌ಗೆ ಹೋಯ್ತು. ಈಗ ಜನ ಟಿಕೆಟ್ ತಗೊಂಡು ನೋಡ್ತಾರೆ.

ಅಕೌಂಟ್ಸ್ ಕ್ಲಾಸಲ್ಲಿ ಮೊದಲು ಕಲಿಸೋದೇ ಇದು: ಒಂದು ಕಡೆ ಜಮೆ ಆದ್ರೆ ಇನ್ನೊಂದು ಕಡೆ ಖರ್ಚು ಬರೆದಿರಲೇಬೇಕು. ಜಮೆಯ ಪುಟ ಪೊವಿಸ್‌ನ ಗಾಜಿನ ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಖರ್ಚಿನ ಪುಟ ನೋಡಬೇಕಾ? ಶ್ರೀರಂಗಪಟ್ಟಣಕ್ಕೆ ಹೋದಾಗ ರಂಗನಾಥಸ್ವಾಮಿ ಗುಡಿ ನೋಡಿ ಹಾಗೇ ಬಸ್ ಹತ್ತಬೇಡಿ. ಹತ್ತಿರದಲ್ಲೇ ಟಿಪ್ಪುವಿನ ಲಾಲ್ ಮಹಲ್ ಇದ್ದ ಜಾಗ ಇದೆ, ಪಾಳು ಬಿದ್ದಿದೆ. ಐದು ನಿಮಿಷ ನಿಂತು ಬನ್ನಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.