ಗೊಂಬಿಗೆ ಕಣ್ಣು ಇಡೋರು ಯಾರು?

1/5
ಹೋದ ವಾರ ನನ್ನ ಗೊಂಬಿಯ ಹಳೆ ಕಣ್ಣು ತೆಗೆದು ಹೊಸ ಕಣ್ಣು ಕೂಡಿಸಿದ ಫೋಟೋ ಹಾಕಿದ್ದೆ. ಕ್ಲಾಸಿನ್ಯಾಗ ಎಲ್ಲಾರೂ ನಕ್ಕಿದ್ರಿ. "ಡಿಗ್ರಿಗೆ ಬಂದಾಳ, ಇನ್ನೂ ಗೊಂಬಿ ಆಡ್ತಾಳ" ಅಂದ್ರಿ. "ಇದೆಲ್ಲಾ ಫಾರಿನ್ ಹುಚ್ಚು, ನಮ್ಮ ಚಿಕ್ಕೋಡಿಗೆ ಯಾಕ ಬೇಕು?" ಅಂತನೂ ಒಬ್ರು ಅಂದ್ರಿ. ಸಿಟ್ಟು ಬಂತು, ಸುಳ್ಳು ಯಾಕ ಹೇಳ್ಲಿ. ಆದ್ರ ಉತ್ತರ ಬರೀಲಿಕ್ಕೆ ಕೂತಾಗ ತಿಳೀತು: ಈ ಹುಚ್ಚಿಗೆ ಎರಡು ಇತಿಹಾಸ ಅದಾವ. ಒಂದು ಅಮೆರಿಕಾದ್ದು, ಇನ್ನೊಂದು ನಮ್ಮ ಮನಿ ಪಡಸಾಲಿದು. ಐದು ಪೋಸ್ಟ್ ಅಷ್ಟ. ಓದಿ ಆಮೇಲೆ ನಗ್ರಿ.

2/5
ಮೊದಲು ಬಾರ್ಬಿ. 1959ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಆಟಿಕೆ ಮೇಳದಲ್ಲಿ ಆಕೆ ಮೊದಲ ಸಲ ಕಾಣಿಸಿಕೊಂಡಳು. ಆ ಮೊದಲ ಬಾರ್ಬಿಯ ಫೋಟೋ ಹುಡುಕಿ ಕಣ್ಣು ನೋಡ್ರಿ. ನಿಮ್ಮನ್ನ ನೋಡಂಗಿಲ್ಲ, ವಾರೆಗಣ್ಣಲ್ಲಿ ಪಕ್ಕಕ್ಕೆ ನೋಡ್ತಾಳ. ಹನ್ನೆರಡು ವರ್ಷ ಹಂಗ ನೋಡಿದಳು. 1971ರ ಮಾಲಿಬು ಬಾರ್ಬಿಗೆ ಕಂಪನಿಯವರು ಮೊದಲ ಸಲ ನೇರ ನೋಟ ಕೊಟ್ರು.

ಇಲ್ಲಿ ಒಂದು ಮಾತು ನೆನಪಿಡ್ರಿ. ಗೊಂಬಿ ಎತ್ತ ನೋಡಬೇಕು ಅನ್ನೋದನ್ನ ಅದರ ಜೋಡಿ ಆಡೋ ಹುಡುಗಿ ಕೇಳಿ ಯಾರೂ ಠರಾಯಿಸಲಿಲ್ಲ. ಕಾರ್ಖಾನೆ ಠರಾಯಿಸಿತು, ಲಕ್ಷಗಟ್ಟಲೆ ಮನೆಯೊಳಗ ಅದೇ ನೋಟ ಹೋಗಿ ಕೂತಿತು.

3/5
1972ರಲ್ಲಿ ಕೆನ್ನರ್ ಅನ್ನೋ ಕಂಪನಿ ಬ್ಲೈತ್ ಅಂತ ಗೊಂಬಿ ತಂದಿತು. ದೊಡ್ಡ ತಲಿ, ಸಣ್ಣ ಮೈ. ತಲೆಯ ಹಿಂದಿನ ದಾರ ಜಗ್ಗಿದ್ರ ಕಣ್ಣು ಮುಚ್ಚಿ ತೆರೀತಿತ್ತು, ತೆರೆದಾಗ ಬಣ್ಣ ಬೇರೆ. ಒಟ್ಟು ನಾಲ್ಕು ಬಣ್ಣ. ಒಂದೇ ವರ್ಷಕ್ಕೆ ಮಾರಾಟ ನಿಂತಿತು. ಮುಂದೆ 1997ರ ಹೊತ್ತಿಗೆ ಜೀನಾ ಗಾರನ್ ಅನ್ನೋ ನ್ಯೂಯಾರ್ಕಿನ ಮಹಿಳೆ ಹಳೆ ಬ್ಲೈತ್ ಹಿಡ್ಕೊಂಡು ಊರೂರು ತಿರುಗಿ ಫೋಟೋ ತೆಗೆದಳು. 2000ದಲ್ಲಿ ಅವು ಪುಸ್ತಕ ಆದವು. 2001ರಿಂದ ಜಪಾನಿನ ಟಕಾರಾ ಕಂಪನಿ ಹೊಸ ಬ್ಲೈತ್ ಮಾಡಲಿಕ್ಕೆ ಹತ್ತಿತು.

ಆಮೇಲೆ ಮಂದಿ ಮನ್ಯಾಗ ಕೂತು ಆಕೆಯ ತಲಿ ಬಿಚ್ಚಿದರು! ಕಣ್ಣಿನ ಬಣ್ಣ ಅಂದ್ರ 14 ಮಿಲಿಮೀಟರಿನ ಸಣ್ಣ ಪ್ಲಾಸ್ಟಿಕ್ ಬಿಲ್ಲೆ. ನಾಲ್ಕು ಜೋಡಿ, ಅಂದ್ರ ಎಂಟು ಬಿಲ್ಲೆ. ಬಿಸಿ ಗೋಂದಿನ ಕಡ್ಡಿ ಅಂಟಿಸಿ, ಆರಲಿಕ್ಕೆ ಬಿಟ್ಟು ಜಗ್ಗಿದ್ರ ಹಳೇದು ಕಿತ್ತು ಬರ್ತೈತಿ. ಪಾರದರ್ಶಕ ಬಿಲ್ಲೆಯ ಹಿಂದ ನಮಗ ಬೇಕಾದ ಬಣ್ಣ ಬಳಿದು ಕೂಡಿಸೋದು. ಬಾರ್ಬಿ ಆದ್ರ ಇನ್ನೂ ಸರಳ: ನೇಲ್ ಪಾಲಿಶ್ ರಿಮೂವರ್‌ನಿಂದ ಕಣ್ಣು ಒರೆಸಿ, ಸಣ್ಣ ಬ್ರಶ್‌ನಿಂದ ಅಕ್ರಿಲಿಕ್ ಬಣ್ಣದಾಗ ಹೊಸದು ಬರೆಯೋದು. ಕಾರ್ಖಾನೆ ಠರಾಯಿಸಿದ ನೋಟವನ್ನ ಹಿಂಗ ಮಂದಿ ತಮ್ಮ ಕೈಗೆ ತಗೊಂಡ್ರು.

4/5
ಈಗ ನಮ್ಮ ಕಡೆ ಬರ್ರಿ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆ ಮಣ್ಣೆತ್ತಿನ ಅಮಾವಾಸ್ಯೆ ಗೊತ್ತಿಲ್ಲದ ಮನಿ ಎಲ್ಲೈತಿ? ಎರಿ ಮಣ್ಣು ತಂದು, ನಾದಿ, ಜೋಡೆತ್ತು ಮಾಡೋದು. ಕಡೀಗೆ ಕಣ್ಣು. ಕೆಂಪು ಗುಲಗಂಜಿ, ಅದರ ತುದಿಗೆ ಕರಿ ಚುಕ್ಕಿ. ಒತ್ತಿ ಕೂಡಿಸಿದ್ರ ಸಾಕು, ಎತ್ತು ನಿಮ್ಮನ್ನ ನೋಡ್ತೈತಿ.

ಆ ಅಮಾವಾಸ್ಯೆ ಕಳೆದು ಬರೋ ಆಷಾಢದ ಮಂಗಳವಾರಗಳಂದು ಗುಳ್ಳವ್ವ. ಇದು ಪೂರಾ ಹುಡುಗಿಯರ ಹಬ್ಬ. ಹುಡುಗೇರೇ ಮಣ್ಣು ತರೋದು, ಮಣ್ಣಿನ ಹೆಣ್ಣು ಮಾಡೋದು, ಗುಲಗಂಜಿ, ಕುಸುಬಿ ಕಾಳು ಚುಚ್ಚಿ ಸಿಂಗರಿಸೋದು, ಹಾಡೋದು, ಆಮೇಲೆ ಬುತ್ತಿ ಕಟ್ಕೊಂಡು ಹೋಗಿ ಆಕೀನ್ನ ಕಳಿಸಿ ಬರೋದು. ಒಬ್ಬಾಕಿ ಮಾಡಿದ ಗುಳ್ಳವ್ವ ಇನ್ನೊಬ್ಬಾಕಿ ಮಾಡಿದಂಗ ಇರಂಗಿಲ್ಲ. ಒಂದರ ಕಣ್ಣು ಮ್ಯಾಲ, ಒಂದರದು ಕೆಳಗ, ಒಂದಕ್ಕ ಮೆಳ್ಳಗಣ್ಣು. ಯಾವ ಕಂಪನಿನೂ ಅದನ್ನ ಠರಾಯಿಸಿಲ್ಲ.

ನಾನು ಬ್ಲೈತ್ ಕಣ್ಣು ಕೂಡಿಸುವಾಗ ಅಜ್ಜಿ ಬಾಜೂಕ ಕೂತಿದ್ದಳು. ನಗಲಿಲ್ಲ. "ಎರಡೂ ಒಂದ ಸಮ ಆಗ್ಯಾವೇನು ನೋಡ" ಅಂದಳು. ಕಸುಬು ತಿಳಿದಾಕಿ ಕೇಳೋ ಪ್ರಶ್ನೆ ಅದು.

5/5
ಎರಡೂ ಒಂದೇ ಅಂತ ನಾನು ಹೇಳಂಗಿಲ್ಲ. ಬ್ಲೈತ್‌ಗೆ ಸಾವಿರಾರು ರೂಪಾಯಿ ಬೇಕು, ಆಕೆ ಕಪಾಟಿನ್ಯಾಗ ವರ್ಷಗಟ್ಟಲೆ ಕೂಡ್ತಾಳ. ಗುಳ್ಳವ್ವಗ ಒಂದು ಬೊಗಸಿ ಮಣ್ಣು ಸಾಕು, ಆಕೆ ಮತ್ತ ಮಣ್ಣಿಗೇ ಹೋಗ್ತಾಳ. ಆದ್ರ ಮುಖಕ್ಕ ನೋಟ ಕೊಡೋ ಕೆಲಸ ಎರಡರೊಳಗೂ ಆಡೋರ ಕೈಯಾಗ ಐತಿ. ಅದು ನಮಗ ಹೊರಗಿಂದ ಬಂದದ್ದಲ್ಲ. ನಮ್ಮ ಕೈಯಾಗ ಇದ್ದದ್ದು, ನಾವ ಬಿಡಾಕತ್ತೀವಿ. ಈಗ ಅಮಾವಾಸ್ಯೆಗೆ ಅಚ್ಚಿನಾಗ ಒತ್ತಿ ಬಣ್ಣ ಹೊಡೆದ ಎತ್ತು ಸಂತ್ಯಾಗ ಸಿಗ್ತಾವ. ಎಲ್ಲಾವೂ ಒಂದೇ ಕಡೆ ನೋಡ್ತಾವ, ಹಳೆ ಬಾರ್ಬಿ ಹಂಗ.

ಒಂದು ಎಚ್ಚರಿಕೆ: ಗುಲಗಂಜಿಯೊಳಗ ಅಬ್ರಿನ್ ಅನ್ನೋ ಘೋರ ವಿಷ ಐತಿ. ಹಿಂದ ಅಕ್ಕಸಾಲಿಗರು ಇದರಿಂದಲೇ ಬಂಗಾರ ತೂಗ್ತಿದ್ರು, 96 ಗುಲಗಂಜಿಗೆ 1 ತೊಲ. ಇಡೀ ಕಾಳು ಒತ್ತಿ ಕೂಡಿಸ್ರಿ. ತೂತು ಕೊರೀಬ್ಯಾಡ್ರಿ, ಒಡೀಬ್ಯಾಡ್ರಿ, ಸಣ್ಣ ಹುಡುಗರ ಬಾಯಿಗೆ ಸಿಗೋ ಹಂಗ ಇಡಬ್ಯಾಡ್ರಿ.

ಬರೋ ಅಮಾವಾಸ್ಯೆಗೆ ನಾನು ಎತ್ತು ಕೊಳ್ಳಂಗಿಲ್ಲ, ಅಜ್ಜಿ ಜೋಡಿ ಮಾಡ್ತೀನಿ. ನೀವೂ ಒಂದು ಮಾಡ್ರಿ. ಕಣ್ಣು ಸೊಟ್ಟ ಆದ್ರೂ ನಡೀತೈತಿ, ಫೋಟೋ ತೆಗೆದು ನನಗ ಟ್ಯಾಗ್ ಮಾಡ್ರಿ. ನಿಮ್ಮ ಅಜ್ಜಿ ಗುಳ್ಳವ್ವಗ ಕಣ್ಣು ಹೆಂಗ ಇಡ್ತಿದ್ದಳು ಅನ್ನೋದನ್ನೂ ಕೇಳಿ ಬರೀರಿ.

#ಗುಳ್ಳವ್ವ #ಮಣ್ಣೆತ್ತು #ಬ್ಲೈತ್ #ಚಿಕ್ಕೋಡಿ #ಅಥಣಿ #ನಮ್ಮಬೆಳಗಾವಿ